ಲಂಡನ್ನಿಗಿಂತ ಮೊದಲು ಲುಣುವಿಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಕಾಲೇಜು ಆಡಳಿತ ಮಂಡಳಿಗಳ ಮತ್ತು ಸರ್ಕಾರಿ ಕಾಲೇಜುಗಳ ಅಭಿವೃದ್ಧಿ ಸಮಿತಿಗಳ ಸದಸ್ಯರಿಗೆ,



ನಮ್ಮ ಸೀಮೆಯ ಮಕ್ಕಳು ಓದಲಿಕ್ಕೆಂದು ಹೊರದೇಶಕ್ಕೆ ಹೋಗುವುದು ಈಗ ಸುದ್ದಿಯಲ್ಲ. ಎಂಜಿನಿಯರಿಂಗನ್ನೋ ಬಿ.ಕಾಂ. ಅನ್ನೋ ಮುಗಿಸಿ, ಬೆಂಗಳೂರಿನ ಏಜೆಂಟರ ಕಚೇರಿಯಲ್ಲಿ ಅರ್ಜಿ ಹಾಕಿಸಿ, ಬ್ಯಾಂಕಿನಲ್ಲಿ ಸಾಲ ಎತ್ತಿ, ಒಂದೆರಡು ವರ್ಷದ ಸ್ನಾತಕೋತ್ತರ ಪದವಿಗೆಂದು ಕೆನಡಾಕ್ಕೋ ಜರ್ಮನಿಗೋ ಐರ್ಲೆಂಡಿಗೋ ವಿಮಾನ ಹತ್ತುತ್ತಾರೆ. ಈ ಇಡೀ ವ್ಯವಹಾರದಲ್ಲಿ ತಾವು ನಡೆಸುವ ಕಾಲೇಜಿನ ಪಾತ್ರ ಏನೆಂದು ನೋಡಿದರೆ, ಅಂಕಪಟ್ಟಿಗೆ ಸೀಲು ಹಾಕಿಕೊಡುವುದು, ಇಬ್ಬರು ಮೇಷ್ಟ್ರ ಕೈಲಿ ಶಿಫಾರಸು ಪತ್ರ ಬರೆಸುವುದು, ಅಷ್ಟೆ. ಹೋದವರು ಅಲ್ಲಿ ಏನು ಕಲಿತರು, ಅದರಲ್ಲಿ ಈ ಊರಿಗೆ ಏನಾದರೂ ದಕ್ಕೀತೇ ಎಂದು ಕೇಳುವ ಹಕ್ಕು ಕಾಲೇಜಿಗೆ ಇಲ್ಲ. ಕೇಳುವ ರೂಢಿಯೂ ಇಲ್ಲ. ಪೂರ್ತಿ ಪದವಿಗೆ ಹೋಗುವವರು ಹೋಗಲಿ, ಅದು ಅವರವರ ಮನೆಯ ತೀರ್ಮಾನ. ಆದರೆ ಇಲ್ಲಿ ಓದುತ್ತಿರುವಾಗಲೇ ಒಂದು ಸೆಮಿಸ್ಟರಿನ ಮಟ್ಟಿಗೆ ಹೊರದೇಶಕ್ಕೆ ಹೋಗಿ, ತಿರುಗಿ ಬಂದು ಇಲ್ಲಿಯೇ ಪದವಿ ಮುಗಿಸುವ ಏರ್ಪಾಡನ್ನು ತಾವು ಮಾಡಬೇಕು ಎಂಬುದು ಈ ಪತ್ರದ ಬೇಡಿಕೆ. ಹಾಗೆ ಹೋಗುವುದೂ ಮೊದಲು ಲಂಡನ್ನಿಗೋ ಬರ್ಲಿನ್ನಿಗೋ ಆಗಬೇಕಿಲ್ಲ. ನಮ್ಮಂತೆಯೇ ತೆಂಗನ್ನು ನಂಬಿ ಬದುಕುವ ನಾಡುಗಳಿಗೆ, ಶ್ರೀಲಂಕಾ, ಫಿಲಿಪ್ಪೀನ್ಸ್, ಇಂಡೊನೇಷ್ಯಾ, ಥಾಯ್ಲೆಂಡುಗಳಿಗೆ ಆಗಲಿ.

ಪೂರ್ತಿ ಪದವಿಯ ದಾರಿ ಈಗ ಮುಂಚಿನಷ್ಟು ಸಲೀಸಾಗಿಲ್ಲ. ಕೆನಡಾ 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿತು. ಖರ್ಚಿಗೆ ಕೈಯಲ್ಲಿದೆ ಎಂದು ತೋರಿಸಬೇಕಾದ ಹಣವನ್ನು ಅದೇ ತಿಂಗಳಿಂದ 10,000 ಡಾಲರಿನಿಂದ 20,635 ಡಾಲರಿಗೆ ಏರಿಸಿತು. ಬಹುಪಾಲು ಸ್ನಾತಕೋತ್ತರ ವಿದ್ಯಾರ್ಥಿಗಳು ಸಂಸಾರವನ್ನು ಕರೆದೊಯ್ಯುವುದಕ್ಕೆ ಬ್ರಿಟನ್ ಅದೇ ವರ್ಷದ ಆರಂಭದಿಂದ ತಡೆ ಹಾಕಿತು. ಅಮೆರಿಕ 2025ರ ಮೇ ಕೊನೆಯಲ್ಲಿ ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳನ್ನೇ ಕೆಲವು ವಾರ ನಿಲ್ಲಿಸಿತ್ತು. ಬೋಧನಾ ಶುಲ್ಕವೇ ಇಲ್ಲವೆಂದು ನಾವು ಹೊಗಳುವ ಜರ್ಮನಿಗೆ ಹೋಗಬೇಕಾದರೂ ವರ್ಷದ ಖರ್ಚಿಗೆಂದು 11,904 ಯೂರೊ, ಅಂದರೆ ಹತ್ತು ಲಕ್ಷ ರೂಪಾಯಿಗೂ ಮೇಲೆ, ಮುಂಚಿತವಾಗಿ ಬ್ಯಾಂಕಿನಲ್ಲಿ ಇಟ್ಟು ತೋರಿಸಬೇಕು. ನಮ್ಮಲ್ಲಿ ಈ ಹಣ ಬರುವುದು ತೋಟದಿಂದ. ಪಹಣಿಯ ಋಣದ ಕಾಲಂನಲ್ಲಿ ಬ್ಯಾಂಕಿನ ಹೆಸರು ಬಂದು ಕೂರುತ್ತದೆ. ತೋಟದ ಆದಾಯವೋ ಕೊಬ್ಬರಿ ದರದ ಮೇಲೆ ನಿಂತದ್ದು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ದರ 8 ಸಾವಿರದ ಆಸುಪಾಸಿಗೆ ಕುಸಿದಿತ್ತು. ಎರಡೇ ವರ್ಷದಲ್ಲಿ, 2025ರಲ್ಲಿ, ಅದೇ ಕೊಬ್ಬರಿ 20 ಸಾವಿರ ದಾಟಿತು. 20 ಸಾವಿರದ ವರ್ಷ ಧೈರ್ಯವಾಗಿ ಸಾಲ ಎತ್ತಿದ ಮನೆ 8 ಸಾವಿರದ ವರ್ಷವೂ ಕಂತು ಕಟ್ಟಬೇಕಾದೀತು ಎಂಬ ಮಾತನ್ನು ಯಾವ ಏಜೆಂಟನೂ ಆಡುವುದಿಲ್ಲ.

ಒಂದು ಸೆಮಿಸ್ಟರಿನ ವಿನಿಮಯಕ್ಕೆ ತಗಲುವ ಹಣ ಕಡಿಮೆ, ನಿಜ. ಆದರೆ ಅದರ ದೊಡ್ಡ ಲಾಭ ಹಣದ್ದಲ್ಲ. ಯುರೋಪಿನ ಎರಾಸ್ಮಸ್ ಯೋಜನೆ 1987ರಲ್ಲಿ ಶುರುವಾದಾಗ ಹನ್ನೊಂದು ದೇಶಗಳ 3,244 ವಿದ್ಯಾರ್ಥಿಗಳು ಮಾತ್ರ ಅದರಲ್ಲಿದ್ದರು. ಇವತ್ತಿಗೆ ಅದರ ಪ್ರಯೋಜನ ಪಡೆದವರ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ಅಷ್ಟು ಬೆಳೆದದ್ದಕ್ಕೆ ಎರಡು ನಿಯಮಗಳೇ ಮುಖ್ಯ ಕಾರಣ ಎಂದು ನನ್ನ ಎಣಿಕೆ. ವಿದ್ಯಾರ್ಥಿ ಶುಲ್ಕ ಕಟ್ಟುವುದು ತನ್ನ ಊರಿನ ಕಾಲೇಜಿಗೆ, ಹೋದ ಕಾಲೇಜಿಗಲ್ಲ. ಅಲ್ಲಿ ಓದಿ ಗಳಿಸಿದ ಕ್ರೆಡಿಟ್ಟುಗಳು, ಸೆಮಿಸ್ಟರಿಗೆ ಸಾಮಾನ್ಯವಾಗಿ 30, ಊರಿನ ಪದವಿಯ ಲೆಕ್ಕಕ್ಕೇ ಜಮಾ ಆಗುತ್ತವೆ. ಏನು ಓದಬೇಕೆಂಬುದನ್ನು ವಿದ್ಯಾರ್ಥಿ, ಕಳಿಸುವ ಕಾಲೇಜು, ಬರಮಾಡಿಕೊಳ್ಳುವ ಕಾಲೇಜು ಮೂವರೂ ಹೊರಡುವ ಮೊದಲೇ ಬರೆದು ಸಹಿ ಮಾಡುತ್ತಾರೆ. ಹೀಗಾಗಿ ಹೋದ ಹುಡುಗ ಅಥವಾ ಹುಡುಗಿ ಅಲ್ಲಿದ್ದಷ್ಟು ದಿನವೂ ಇಲ್ಲಿಯ ಕಾಲೇಜಿನ ವಿದ್ಯಾರ್ಥಿಯೇ. ಬಂದ ಮೇಲೆ ಅದೇ ತರಗತಿಯಲ್ಲಿ ಕೂರಬೇಕು, ಕಲಿತದ್ದನ್ನು ಅದೇ ಮೇಷ್ಟ್ರ ಮುಂದೆ ಒಪ್ಪಿಸಬೇಕು. ಕೇಳುವ ಹಕ್ಕು ಕಾಲೇಜಿಗೆ ಬರುವುದು ಇಲ್ಲಿ. ಪೂರ್ತಿ ಪದವಿಗೆ ಹೋದವರಿಗೆ ತಿರುಗಿ ಬರುವುದು ಒಂದು ಆಯ್ಕೆ. ಸೆಮಿಸ್ಟರಿಗೆ ಹೋದವರಿಗೆ ಅದು ಓದಿನದೇ ಒಂದು ಭಾಗ.

ತೆಂಗಿನ ನಾಡುಗಳೇ ಏಕೆ ಎಂದರೆ, ತಿಪಟೂರಿನ ಕೊಬ್ಬರಿ ದರ ತಿಪಟೂರಿನಲ್ಲಷ್ಟೇ ತೀರ್ಮಾನವಾಗುವುದಿಲ್ಲ. ಎಪಿಎಂಸಿ ಟೆಂಡರಿನಲ್ಲಿ ನಮೂದಾಗುವ ಅಂಕಿಯ ಹಿಂದೆ ಉತ್ತರ ಭಾರತದ ಹಬ್ಬದ ಬೇಡಿಕೆ ಇದೆ ಎಂಬುದು ಮಂಡಿ ವರ್ತಕರಿಗೆಲ್ಲ ಗೊತ್ತು. ಅದರ ಹಿಂದೆ ಇನ್ನೂ ದೂರದ ಕಾರಣಗಳಿವೆ. 2023–24ರ ಎಲ್ ನಿನೊ ಇಂಡೊನೇಷ್ಯಾ, ಫಿಲಿಪ್ಪೀನ್ಸುಗಳಲ್ಲಿ ಇಳುವರಿ ತಗ್ಗಿಸಿತು. ಅದರ ನಡುವೆಯೇ 2024ರ ಅಕ್ಟೋಬರಿನಲ್ಲಿ ಫಿಲಿಪ್ಪೀನ್ಸ್ ಸರ್ಕಾರ ಡೀಸೆಲ್ಲಿಗೆ ಬೆರೆಸಬೇಕಾದ ತೆಂಗಿನೆಣ್ಣೆ ಮೂಲದ ಜೈವಿಕ ಇಂಧನದ ಪಾಲನ್ನು ಶೇ 2ರಿಂದ ಶೇ 3ಕ್ಕೆ ಏರಿಸಿತು. ಜಗತ್ತಿನಲ್ಲೆಲ್ಲ ತೆಂಗಿನೆಣ್ಣೆ ತುಟ್ಟಿಯಾಯಿತು. ಎಳನೀರಿಗೆ ಹೋದ ಕಾಯಿ, ರೋಗಕ್ಕೆ ಸೊರಗಿದ ಮರ ಇವೂ ನಮ್ಮಲ್ಲಿ ಸೇರಿಕೊಂಡವು ಎಂಬುದನ್ನು ಒಪ್ಪುತ್ತೇನೆ. ಆದರೂ ಮನಿಲಾದ ಒಂದು ಆದೇಶಕ್ಕೂ ನೊಣವಿನಕೆರೆಯ ಅಟ್ಟದ ಮೇಲಿನ ಕಾಯಿಗೂ ನಂಟಿದೆ ಎಂಬುದನ್ನು ನಮ್ಮ ಬಿ.ಕಾಂ. ತರಗತಿಯಲ್ಲಿ ಯಾರಾದರೂ ಹೇಳಿಕೊಡುತ್ತಿದ್ದಾರೆಯೇ? ರೋಗಗಳ ಕಥೆಯೂ ಇದೇ. ನಮ್ಮ ತೋಟಗಳನ್ನು ಹಿಂಡಿದ ನುಸಿಯನ್ನು ವಿಜ್ಞಾನಿಗಳು ಮೊದಲು ಗುರುತಿಸಿದ್ದು 1965ರಲ್ಲಿ, ಮೆಕ್ಸಿಕೊದ ಗೆರೆರೊ ಪ್ರಾಂತ್ಯದಿಂದ. ಅದು 1997ರಲ್ಲಿ ಶ್ರೀಲಂಕಾದಲ್ಲಿ, 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಆಮೇಲೆ ನಮ್ಮಲ್ಲಿಗೆ ಬಂತು. ಗರಿಗಳನ್ನು ಕಪ್ಪು ಮಾಡುವ ಸುರುಳಿ ಬಿಳಿನೊಣ ಮಧ್ಯ ಅಮೆರಿಕದ್ದು. 2016ರಲ್ಲಿ ಪೊಳ್ಳಾಚಿಗೆ ಬಂದಿಳಿಯಿತು. ಹುಳುಗಳು ಯಾವ ಏಜೆಂಟನ ಕಚೇರಿಗೂ ಹೋಗದೆ ದೇಶ ಸುತ್ತುತ್ತಿರುವಾಗ ನಮ್ಮ ವಿದ್ಯಾರ್ಥಿಗಳು ಅವುಗಳ ಜಾಡು ಹಿಡಿದು ಎಲ್ಲಿಗೂ ಹೋಗಿಲ್ಲ.

ಹೋಗಬೇಕಾದ ಜಾಗ ಬಹಳ ದೂರವೂ ಇಲ್ಲ. ಶ್ರೀಲಂಕಾದ ವಾಯವ್ಯಕ್ಕೆ ಕುರುಣೆಗಲ, ಪುತ್ತಲಂ, ಗಂಪಹ ಜಿಲ್ಲೆಗಳು ಸೇರಿ ಆಗಿರುವ ಸೀಮೆಯನ್ನು ಅಲ್ಲಿಯವರು ತೆಂಗಿನ ತ್ರಿಕೋನ ಎನ್ನುತ್ತಾರೆ. ಅಲ್ಲಿಯ ಲುಣುವಿಲದಲ್ಲಿ, ಬಂಡಿರಿಪ್ಪುವ ಎಸ್ಟೇಟಿನೊಳಗೆ, 1929ರಿಂದ ತೆಂಗು ಸಂಶೋಧನೆ ನಡೆದುಬಂದಿದೆ. ನುಸಿ ಬಂದಾಗ ಅಲ್ಲಿಯ ವಿಜ್ಞಾನಿಗಳು ಅದನ್ನು ತಿಂದು ಬದುಕುವ ಇನ್ನೊಂದು ನುಸಿಯನ್ನು ಪ್ರಯೋಗಾಲಯದಲ್ಲಿ ಸಾಕಿ ತೋಟಗಳಿಗೆ ಬಿಡುವ ವಿಧಾನ ರೂಪಿಸಿದರು. ಅದೇ ಸೀಮೆಯ ಮಾಕಂದುರ ಮತ್ತು ಕುಲಿಯಾಪಿಟಿಯದಲ್ಲಿ 1999ರಲ್ಲಿ ಸ್ಥಾಪನೆಯಾದ ವಯಂಬ ವಿಶ್ವವಿದ್ಯಾಲಯ ಇದೆ. ಅದು ಕೃಷಿ ಮತ್ತು ಪ್ಲಾಂಟೇಶನ್ ನಿರ್ವಹಣೆಯನ್ನು ಒಂದೇ ವಿಭಾಗದಲ್ಲಿ ಕಲಿಸುತ್ತದೆ, ವಾಣಿಜ್ಯ, ಅನ್ವಯಿಕ ವಿಜ್ಞಾನ ವಿಭಾಗಗಳೂ ಇವೆ, ಪಾಠ ಇಂಗ್ಲಿಷಿನಲ್ಲಿ. ರಾಜಧಾನಿಯ ಹೆಸರಾಂತ ಸಂಸ್ಥೆಯಲ್ಲ, ತೆಂಗಿನ ತೋಟಗಳ ನಡುವೆ, ಸಣ್ಣ ಪಟ್ಟಣಗಳಲ್ಲಿ ಬೆಳೆದ ವಿಶ್ವವಿದ್ಯಾಲಯ. ನಮ್ಮ ಕಾಲೇಜುಗಳು ಸಂಕೋಚವಿಲ್ಲದೆ ಸಮಾನವಾಗಿ ಮಾತಾಡಬಹುದಾದದ್ದು ಇಂಥ ಜಾಗದೊಡನೆ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ತಾಸು. ತಿಪಟೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಫಿಲಿಪ್ಪೀನ್ಸಿನಲ್ಲಿ ಕಲಿಯುವ ಪಾಠ ಬೇರೆ, ನನ್ನ ಅಭಿಪ್ರಾಯದಲ್ಲಿ ಅದು ಇನ್ನೂ ಬೆಲೆಬಾಳುವಂಥದ್ದು. ಅಲ್ಲಿ 1971ರಲ್ಲಿ ರೈತ ಮಾರುವ ಪ್ರತಿ ನೂರು ಕಿಲೊ ಕೊಬ್ಬರಿಯ ಮೇಲೆ ಒಂದು ಸಣ್ಣ ವಂತಿಗೆ ಹಾಕಲಾಯಿತು. ರೈತರಿಗೆ ಅವರದೇ ಉದ್ಯಮ, ಅವರದೇ ಬ್ಯಾಂಕು ಕಟ್ಟಿಕೊಡುತ್ತೇವೆ ಎಂಬುದು ಕೊಟ್ಟ ಮಾತು. ಮಾರ್ಕೋಸ್ ಆಡಳಿತದಲ್ಲಿ ವಂತಿಗೆ ಬೆಳೆಯುತ್ತಾ ಹೋಯಿತು, ಅದರಿಂದ ಬ್ಯಾಂಕನ್ನೂ ದೊಡ್ಡ ಕಂಪನಿಯ ಷೇರುಗಳನ್ನೂ ಕೊಳ್ಳಲಾಯಿತು, ಹಿಡಿತ ಮಾತ್ರ ಆಳುವವರ ಆಪ್ತರ ಕೈಗೆ ಹೋಯಿತು. ಆ ಷೇರುಗಳ ದೊಡ್ಡದೊಂದು ಪಾಲು ತೆಂಗು ಬೆಳೆಗಾರರ ಹಿತಕ್ಕಾಗಿ ಸರ್ಕಾರಕ್ಕೆ ಸೇರಬೇಕೆಂದು ಅಲ್ಲಿಯ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2012ರಲ್ಲಿ. ಬೆಳೆಗಾರರ ಟ್ರಸ್ಟ್ ನಿಧಿಗೆ ಕಾನೂನು ಬಂದದ್ದು 2021ರಲ್ಲಿ. ವಂತಿಗೆ ಕೊಟ್ಟ ತಲೆಮಾರು ಅಷ್ಟರಲ್ಲಿ ಮುಪ್ಪಾಗಿತ್ತು. ಸೊಸೈಟಿ, ಉತ್ಪಾದಕರ ಕಂಪನಿ, ಬೆಂಬಲ ಬೆಲೆ, ನಾಫೆಡ್ ಎಂದು ದಿನವೂ ಮಾತಾಡುವ ನಮ್ಮ ತಾಲ್ಲೂಕುಗಳ ವಾಣಿಜ್ಯ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಅಧ್ಯಯನ ಯಾವುದಿದೆ? ಅದೇ ದೇಶದ ಲೇತೆ ದ್ವೀಪದ ಬೈಬೈ ಪಟ್ಟಣದಲ್ಲಿ ವಿಸಾಯಸ್ ರಾಜ್ಯ ವಿಶ್ವವಿದ್ಯಾಲಯ ಇದೆ. 2013ರ ನವೆಂಬರಿನ ಚಂಡಮಾರುತ ಆ ಭಾಗದಲ್ಲಿ 3 ಕೋಟಿಗೂ ಹೆಚ್ಚು ತೆಂಗಿನ ಮರಗಳನ್ನು ಹಾಳುಗೆಡವಿತು. ಹೊಸ ಸಸಿ ಫಲಕ್ಕೆ ಬರುವ ಆರೇಳು ವರ್ಷ ಒಂದು ಸೀಮೆ ಏನು ತಿಂದು ಬದುಕುತ್ತದೆ ಎಂಬ ಪ್ರಶ್ನೆ, ಬರಗಾಲದಲ್ಲಿ ಕೊಳವೆಬಾವಿ ಬತ್ತಿ ಸುಳಿ ಒಣಗಿದ ತೋಟಗಳನ್ನು ಕಂಡ ನಮಗೆ ಹೊಸದಲ್ಲ. ಅವರು ಕಂಡುಕೊಂಡ ಉತ್ತರಗಳು ಹೊಸವು ಇರಬಹುದು.

ಇದಕ್ಕೆ ಹೊರದೇಶವೇ ಬೇಕೆ, ಕಾಸರಗೋಡಿಲ್ಲವೆ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಾಸರಗೋಡಿನ ತೆಂಗು ಸಂಶೋಧನೆ 1916ರಷ್ಟು ಹಳೆಯದು, ಲುಣುವಿಲಕ್ಕಿಂತ ಹಿರಿಯದು. ಸುಬ್ರಹ್ಮಣ್ಯದ ಹತ್ತಿರದ ಕಿದುವಿನಲ್ಲಿ ದಕ್ಷಿಣ ಏಷ್ಯಾಕ್ಕೆಂದೇ ಇರುವ ಅಂತರರಾಷ್ಟ್ರೀಯ ತಳಿ ಭಂಡಾರ ಇದೆ. ಪಕ್ಕದ ಅರಸೀಕೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರ, ನಮ್ಮದೇ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಇವನ್ನೂ ಸೇರಿಸಿದರೆ ಮರದ ವಿಜ್ಞಾನ ಕಲಿಯಲು ಭಾರತ ಬಿಟ್ಟು ಹೋಗುವ ಅಗತ್ಯವಿಲ್ಲ. ಈ ಜಾಗಗಳಲ್ಲಿ ಕೆಲವು ವಾರ ಕೆಲಸ ಮಾಡದ ಯಾರನ್ನೂ ಹೊರದೇಶಕ್ಕೆ ಕಳಿಸಕೂಡದು ಎಂಬ ಷರತ್ತನ್ನೇ ಹಾಕಿ ಎಂದು ನಾನು ಹೇಳುತ್ತೇನೆ. ಆದರೆ ಕಾಸರಗೋಡಿನಲ್ಲಿ ಸಿಗದ ಒಂದು ಕಲಿಕೆ ಇದೆ. ಅದೇ ಮರ ಬೇರೆ ಕಾನೂನಿನಡಿ, ಬೇರೆ ಮಾರುಕಟ್ಟೆಯಲ್ಲಿ, ಬೇರೆ ಅಭ್ಯಾಸಗಳ ನಡುವೆ ಬೇರೆ ರೀತಿ ಬದುಕು ನಡೆಸುವುದನ್ನು ಕಣ್ಣಾರೆ ನೋಡುವುದು. ಶ್ರೀಲಂಕಾದಲ್ಲಿ ಚಿಪ್ಪಿನ ಇದ್ದಿಲು ಜಗತ್ತಿನ ನೀರು ಶುದ್ಧೀಕರಣದ ಘಟಕಗಳಿಗೆ ಇಂಗಾಲವಾಗಿ ಹೋಗುತ್ತದೆ, ನಾರಿನ ಪುಡಿ ಯುರೋಪಿನ ಹಸಿರುಮನೆಗಳಿಗೆ ಮಣ್ಣಾಗಿ ಹೋಗುತ್ತದೆ. ನಮ್ಮಲ್ಲೂ ಕಾಯಿಪುಡಿಯ ಕಾರ್ಖಾನೆಗಳಿವೆ, ನಾರಿನ ಘಟಕಗಳಿವೆ. ಅವು ಇದ್ದಲ್ಲೇ ಏಕೆ ಇವೆ ಎಂಬ ಪ್ರಶ್ನೆ ಹುಟ್ಟಬೇಕಾದರೆ ಇನ್ನೊಂದು ಕಡೆ ಹೇಗಿದೆ ಎಂಬುದನ್ನು ನಾಲ್ಕು ತಿಂಗಳಾದರೂ ಇದ್ದು ನೋಡಿರಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ತಂದೆತಾಯಿಗಳದ್ದು. ಕಾಯಿ ಕೆಡವುವವರಿಗೆ, ಸುಲಿಯುವವರಿಗೆ ಪರದಾಡಿ, ದರಕ್ಕಾಗಿ ಕಾದು ಸಾಕಾಗಿ ಮಕ್ಕಳನ್ನು ಕಾಲೇಜಿಗೆ ಹಾಕಿದ್ದೇವೆ. ವಿಮಾನ ಹತ್ತಿಸಿ ಮತ್ತೆ ತೆಂಗಿನ ಮರದ ಕೆಳಗೇ ನಿಲ್ಲಿಸುತ್ತೀರಾ ಎಂದು ಅವರು ಕೇಳಿದರೆ ಆ ಮಾತಿನಲ್ಲಿರುವ ದಣಿವನ್ನು ಯಾರೂ ತಳ್ಳಿಹಾಕುವಂತಿಲ್ಲ. ಬಹಳ ಮಂದಿ ತೋಟಕ್ಕೆ ಮರಳುವುದಿಲ್ಲ, ಮರಳಬೇಕೆಂದು ಈ ಪತ್ರವೂ ಕೇಳುತ್ತಿಲ್ಲ. ಆದರೆ ಪೀಣ್ಯದಲ್ಲೋ ವೈಟ್‌ಫೀಲ್ಡಿನಲ್ಲೋ ಕೆಲಸಕ್ಕಿರುವ ಮಗನ ಹೆಸರಿಗೇ ನಾಳೆ ಪಹಣಿ ಬರುತ್ತದೆ. ಮಾರಬೇಕೆ, ಗುತ್ತಿಗೆಗೆ ಕೊಡಬೇಕೆ, ಎಳನೀರಿಗೆ ಬಿಡಬೇಕೆ, ಕೊಬ್ಬರಿಗೆ ಅಟ್ಟ ಹಾಕಬೇಕೆ ಎಂಬ ತೀರ್ಮಾನ ಅವನದೇ, ಅವಳದೇ. ತೋಟದಲ್ಲಿ ದುಡಿಯದವರೇ ತೋಟದ ಹಣೆಬರಹ ಬರೆಯುವ ಕಾಲ ಬಂದಿದೆ. ಅವರು ತಿಳಿದು ಬರೆಯಲಿ ಎಂಬುದಷ್ಟೇ ಆಸೆ. ಅಲ್ಲದೆ ಈ ಸೆಮಿಸ್ಟರು ಕೃಷಿ ಓದುವವರಿಗೆ ಮೀಸಲಲ್ಲ. ಇಂಗಾಲ, ಎಣ್ಣೆ, ನೀರಾ ಇವು ರಸಾಯನಶಾಸ್ತ್ರ. ಕೊಬ್ಬರಿ ಒಣಗಿಸುವ ಗೂಡು ಮೆಕ್ಯಾನಿಕಲ್. ಬಿಳಿನೊಣವನ್ನು ಚಿತ್ರದಿಂದ ಗುರುತಿಸುವ ತಂತ್ರಾಂಶ ಕಂಪ್ಯೂಟರ್ ಸೈನ್ಸ್. ಉದ್ಯೋಗಕ್ಕೆ ಹೋದಾಗ ಸಂದರ್ಶನ ಮಾಡುವವರ ಮುಂದೆ ಹೇಳಿಕೊಳ್ಳಲು, ಎಲ್ಲರೂ ಇಟ್ಟುಕೊಂಡು ಬರುವ ಅದೇ ನಾಲ್ಕು ಪ್ರಾಜೆಕ್ಟುಗಳಿಗಿಂತ ಇದು ವಾಸಿ.

ಇನ್ನು ನಿಯಮದ ಮಾತು. ಯುಜಿಸಿ 2022ರ ಮೇ ತಿಂಗಳಲ್ಲಿ ಹೊರದೇಶದ ವಿಶ್ವವಿದ್ಯಾಲಯಗಳ ಜೊತೆ ಕೂಡಿ ಓದಿಸುವ ನಿಯಮಾವಳಿ ತಂದಿತು. ಟ್ವಿನ್ನಿಂಗ್ ವ್ಯವಸ್ಥೆಯಲ್ಲಿ ಪದವಿಯ ಕ್ರೆಡಿಟ್ಟುಗಳಲ್ಲಿ ಶೇ 30ರವರೆಗೆ ಹೊರಗಿನ ಸಂಸ್ಥೆಯಲ್ಲಿ ಗಳಿಸಬಹುದು. ಆದರೆ ಅನುಮತಿಗೆ ಕಾಯದೆ ಒಪ್ಪಂದ ಮಾಡಿಕೊಳ್ಳಲು ಇಲ್ಲಿಯ ಸಂಸ್ಥೆಗೆ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕ ಅಥವಾ ರಾಷ್ಟ್ರೀಯ ಶ್ರೇಯಾಂಕದಲ್ಲಿ ಮೊದಲ ನೂರರಲ್ಲಿ ಸ್ಥಾನ ಇರಬೇಕು, ಅಲ್ಲಿಯದು ಜಾಗತಿಕ ಶ್ರೇಯಾಂಕ ಪಟ್ಟಿಯಲ್ಲಿ ನಿಗದಿತ ಸ್ಥಾನದೊಳಗೆ ಇರಬೇಕು. ತೆಂಗಿನ ತೋಟಗಳ ನಡುವಿನ ವಿಶ್ವವಿದ್ಯಾಲಯಗಳು ಆ ಬಗೆಯ ಪಟ್ಟಿಗಳಲ್ಲಿ ಮೆರೆಯುವಂಥವಲ್ಲ. ಅದಕ್ಕೇ ಆ ಬಾಗಿಲನ್ನು ಬಿಟ್ಟು ಪಕ್ಕದ ಬಾಗಿಲು ತಟ್ಟುವುದು ಒಳ್ಳೆಯದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಈಚಿನ ಪಠ್ಯಕ್ರಮ ಎಂಜಿನಿಯರಿಂಗ್ ಕೊನೆಯ ವರ್ಷದ ಒಂದು ಸೆಮಿಸ್ಟರನ್ನು ಬಹುಪಾಲು ಇಂಟರ್ನ್‌ಷಿಪ್ಪಿಗೇ ಬಿಟ್ಟಿದೆ. ಅದಕ್ಕೆ ಕ್ರೆಡಿಟ್ಟು ಆಗಲೇ ನಿಗದಿಯಾಗಿದೆ. ಕಲ್ಪತರು ತಾಂತ್ರಿಕ ಕಾಲೇಜಿನ ವಿದ್ಯಾರ್ಥಿ ಅದನ್ನು ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ಕಳೆಯುವ ಬದಲು ಲುಣುವಿಲದ ಪ್ರಯೋಗಾಲಯದಲ್ಲಿ ಕಳೆಯಲು ವಿಟಿಯುವಿನ ಒಪ್ಪಿಗೆ ಪಡೆಯುವುದು ಹೊಸ ಪದವಿಯನ್ನೇ ಹುಟ್ಟಿಸುವಷ್ಟು ಕಷ್ಟದ ಕೆಲಸವಲ್ಲ. ಬಿ.ಎ., ಬಿ.ಕಾಂ., ಬಿ.ಎಸ್ಸಿ.ಗೆ ದಾರಿ ಇಷ್ಟು ಸುಲಭವಿಲ್ಲ. ಪಠ್ಯವೂ ಪರೀಕ್ಷೆಯೂ ತುಮಕೂರು ವಿಶ್ವವಿದ್ಯಾನಿಲಯದ ಕೈಯಲ್ಲಿವೆ. ತಾಲ್ಲೂಕಿನ ಕಾಲೇಜು ಒಂಟಿಯಾಗಿ ಸಹಿ ಹಾಕಿದ ಒಡಂಬಡಿಕೆ, ನ್ಯಾಕ್ ಸಮಿತಿ ಬರುವ ದಿನ ಕಪಾಟಿನಿಂದ ಇಳಿದು ಮರುದಿನ ಮತ್ತೆ ಏರುವ ಕಾಗದವಾಗುತ್ತದೆ. ಅಂಥವು ನಮ್ಮಲ್ಲಿ ಸಾಕಷ್ಟಿವೆ.

ಹಣದ ಬಗ್ಗೆ ಹೇಳುವುದಾದರೆ, ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಬ್ರಿಟಿಷ್ ಕೌನ್ಸಿಲ್ ಜೊತೆ ಸೇರಿ ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿ ವಿದ್ಯಾರ್ಥಿಗಳನ್ನು ಎರಡು ವಾರ ಬ್ರಿಟನ್ನಿಗೆ ಕಳಿಸಿದ ‘ಸ್ಕೌಟ್’ ಯೋಜನೆ ಒಂದು ಮಾದರಿ. ಎರಡು ವಾರದಲ್ಲಿ ಪ್ರವಾಸಕ್ಕಿಂತ ಹೆಚ್ಚಿನದು ಆಗುವುದು ಕಷ್ಟ. ಆದರೂ ಸರ್ಕಾರದ ದುಡ್ಡಿನಲ್ಲಿ ಬಡ ಮನೆಯ ವಿದ್ಯಾರ್ಥಿಯನ್ನು ಕಳಿಸಬಹುದು ಎಂಬುದು ಅದರಿಂದ ಸಾಬೀತಾಯಿತು. ಪರಿಶಿಷ್ಟ ಜಾತಿ, ಪಂಗಡದವರಿಗಿರುವ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಪೂರ್ತಿ ಪದವಿಯನ್ನು ಕಣ್ಣಮುಂದಿಟ್ಟುಕೊಂಡು ರೂಪಿಸಿದ್ದು. ಒಂದು ಸೆಮಿಸ್ಟರಿಗೂ ಅದನ್ನು ಹಿಗ್ಗಿಸಿ ಎಂದು ಕೇಳಲು ತಮ್ಮಂಥ ಸಂಸ್ಥೆಗಳೇ ಮುಂದಾಗಬೇಕು. ಏಕೆಂದರೆ ಅಡ ಇಡಲು ತೋಟವಿಲ್ಲದ ಮನೆಗಳೂ ಈ ತೆಂಗಿನ ಬದುಕಿನಲ್ಲಿವೆ. ಮರ ಹತ್ತುವವರ, ಕಾಯಿ ಸುಲಿಯುವವರ, ಮಂಡಿಯಲ್ಲಿ ಮೂಟೆ ಹೊರುವವರ ಮಕ್ಕಳು ತಮ್ಮ ಕಾಲೇಜುಗಳಲ್ಲೇ ಓದುತ್ತಿದ್ದಾರೆ. ಒಂದು ಸಲಕ್ಕೆ ನಾಲ್ವರನ್ನು ಕಳಿಸುವುದು ಎಂದಿಟ್ಟುಕೊಳ್ಳಿ. ಆಯ್ಕೆಯನ್ನು ಇಂಗ್ಲಿಷ್ ಮಾತಿನ ಚುರುಕಿನ ಮೇಲೆ ಮಾಡಿದರೆ ನಾಲ್ಕು ಸೀಟೂ ಪಟ್ಟಣದ ನಾಲ್ಕು ಮನೆಗಳಿಗೆ ಹೋಗುತ್ತವೆ. ತೆಂಗಿನ ಬಗ್ಗೆ ಬರೆದುಕೊಟ್ಟ ಒಂದು ಪ್ರಶ್ನೆಯ ಮೇಲೆ, ಕನ್ನಡದಲ್ಲೇ, ಮಾಡಿದರೆ ಫಲಿತಾಂಶ ಬೇರೆ ಇದ್ದೀತು. ಹೆಣ್ಣುಮಕ್ಕಳನ್ನು ಎರಡು ವರ್ಷ ಕಣ್ಣಿಗೆ ಕಾಣದ ದೇಶಕ್ಕೆ ಕಳಿಸಲು ಒಪ್ಪದ ಮನೆಗಳು, ಜೊತೆಗೆ ಮೂವರು ಸಹಪಾಠಿಗಳಿದ್ದು, ಕಾಲೇಜೇ ಹೊಣೆ ಹೊತ್ತು, ಹಾಸ್ಟೆಲು ಗೊತ್ತುಮಾಡಿ, ನಾಲ್ಕು ತಿಂಗಳಿಗೆ ಕರೆತರುತ್ತದೆ ಎಂದರೆ ಒಪ್ಪುವ ಸಂಭವ ಹೆಚ್ಚು. ಏಜೆಂಟರಿಗೆ ಕೊಡಲಾಗದ ಭರವಸೆ ಅದು.

ವಿನಿಮಯವೆಂದ ಮೇಲೆ ಅಲ್ಲಿಂದಲೂ ವಿದ್ಯಾರ್ಥಿಗಳು ಇಲ್ಲಿಗೆ ಬರಬೇಕು. ಇಲ್ಲಿಗೆ ಬಂದು ಅವರು ಏನು ಕಲಿತಾರು ಎಂದು ಹಿಂಜರಿಯಬೇಕಾಗಿಲ್ಲ. ಲಂಕೆಯಲ್ಲೂ ಫಿಲಿಪ್ಪೀನ್ಸಿನಲ್ಲೂ ಕಾಯಿ ಒಡೆದು ಬಟ್ಟಲಾಗಿ ಒಣಗಿಸಿ ಎಣ್ಣೆಗೆ ಹಾಕುವುದೇ ವಾಡಿಕೆ. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟದ ಮೇಲೆ ಎಂಟು ತಿಂಗಳಿಂದ ವರ್ಷದವರೆಗೆ ಇಟ್ಟು, ಒಳಗಿನ ನೀರು ಇಂಗಿ ಗಿಟಕು ಅಲ್ಲಾಡುವವರೆಗೆ ಕಾದು, ಇಡೀ ಉಂಡೆಯನ್ನೇ ಹೊರತೆಗೆಯುವ ಕಸುಬು ಈ ಪ್ರಮಾಣದಲ್ಲಿ ನಡೆಯುವುದು ನಮ್ಮಲ್ಲಿ. ಬರುವವರಿಗೆ ಇದನ್ನು ಯಾರು ಕಲಿಸುತ್ತಾರೆ ಎಂಬುದು ತಾವು ಉತ್ತರಿಸಬೇಕಾದ ಪ್ರಶ್ನೆ, ಏಕೆಂದರೆ ನಮ್ಮ ಯಾವ ಪದವಿ ತರಗತಿಯಲ್ಲೂ ಉಂಡೆ ಕೊಬ್ಬರಿ ಒಂದು ಪಾಠವಾಗಿಲ್ಲ. ಅವರನ್ನು ಇಳಿಸಲು ಎರಡು ಕೋಣೆ, ತಿಂಗಳಿಗೊಮ್ಮೆ ಎಪಿಎಂಸಿಯ ಟೆಂಡರಿಗೆ ಕರೆದೊಯ್ಯುವ ಒಬ್ಬ ಅಧ್ಯಾಪಕರು, ಒಂದು ಸೆಮಿಸ್ಟರಿನ ತೆಂಗು ಪತ್ರಿಕೆಯ ಪಠ್ಯ, ಇಷ್ಟನ್ನು ಮೂರು ತಾಲ್ಲೂಕಿನ ಕಾಲೇಜುಗಳು ಸೇರಿ ಈ ವರ್ಷವೇ ಸಿದ್ಧಮಾಡಬಹುದು; ಯಾರೂ ಬರದಿದ್ದರೂ ಆ ಪಠ್ಯ ನಮ್ಮ ಮಕ್ಕಳಿಗೇ ಉಪಯೋಗಕ್ಕೆ ಬರುತ್ತದೆ. ಈ ಸೆಮಿಸ್ಟರಿಗೆ ಒಪ್ಪಿಗೆ ಕೇಳಿ ತುಮಕೂರು ವಿಶ್ವವಿದ್ಯಾನಿಲಯಕ್ಕೂ ವಿಟಿಯುಗೂ ಬರೆಯಬೇಕಾದ ಪತ್ರ ಎರಡು ಪುಟ ಮೀರದು. ಎಲ್ಲ ಆಡಳಿತ ಮಂಡಳಿಗಳೂ ಅದೊಂದೇ ಪತ್ರಕ್ಕೆ ಸಹಿ ಹಾಕಿ, ಮುಂದಿನ ವರ್ಷದ ಪ್ರವೇಶ ಪ್ರಕಟಣೆ ಹೊರಡುವ ಮೊದಲೇ ಕಳಿಸಿಕೊಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ತೆಂಗು ಸೀಮೆಯ ಒಬ್ಬ ನಾಗರಿಕ